ಎಂಐಎಸ್ ಅಂದರೆ ಏನು? ಹಾಲಿನ ಡೇರಿಯ ಲೆಕ್ಕದಿಂದ ಶುರು ಮಾಡೋಣ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಕಾಂ., ಬಿಬಿಎ ಓದುವ ಮಕ್ಕಳು, ಸಹಕಾರ ಸಂಘಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಸಣ್ಣ ಕಾರ್ಖಾನೆ ನಡೆಸುವವರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಹಾಲಿನ ಡೇರಿಯವೇ. ನಮ್ಮ ತಂದೆ ಊರಿನ ಡೇರಿಯಲ್ಲಿ ಸೆಕ್ರೆಟರಿ ಆಗಿದ್ದರು. ನಾನು ಆಮೇಲೆ ಒಂದು ಹಾಲು ಒಕ್ಕೂಟದ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡಿದೆ. ಈ ವಿಷಯ ನನಗೆ ಅರ್ಥವಾಗಿದ್ದು ಪಠ್ಯಕ್ಕಿಂತ ಜಾಸ್ತಿ ಆ ಎರಡು ಜಾಗಗಳಲ್ಲಿ.

ಎಂಐಎಸ್ ಅಂದರೆ ನಿಜವಾಗಿ ಏನು?

ಮ್ಯಾನೇಜ್‌ಮೆಂಟ್ ಇನ್‌ಫರ್ಮೇಶನ್ ಸಿಸ್ಟಮ್. ಕನ್ನಡ ಪಠ್ಯಗಳಲ್ಲಿ ನಿರ್ವಹಣಾ ಮಾಹಿತಿ ವ್ಯವಸ್ಥೆ ಅಂತ ಬರೆಯುತ್ತಾರೆ. ಸಂಸ್ಥೆಯಲ್ಲಿ ದಿನಾ ನಡೆಯುವ ಕೆಲಸದ ಲೆಕ್ಕವನ್ನು ಬರೆದಿಟ್ಟು, ಕೂಡಿಸಿ, ತಾಳೆ ನೋಡಿ, ತೀರ್ಮಾನ ತೆಗೆದುಕೊಳ್ಳಬೇಕಾದವರ ಕೈಗೆ ಸರಿಯಾದ ಹೊತ್ತಿಗೆ ತಲುಪಿಸುವ ಏರ್ಪಾಡು ಇದು. ಇದರಲ್ಲಿ ಯಂತ್ರ ಇದೆ, ಸಾಫ್ಟ್‌ವೇರ್ ಇದೆ. ಬರೆಯುವ ಜನ, ಓದುವ ಜನ, ಯಾರು ಯಾವಾಗ ಏನು ಬರೆಯಬೇಕು ಅನ್ನುವ ನಿಯಮ ಇವೂ ಅಷ್ಟೇ ಮುಖ್ಯ. ಸಾಫ್ಟ್‌ವೇರ್ ಕೊಂಡು ತಂದು ಎಂಐಎಸ್ ಬಂತು ಅಂದುಕೊಳ್ಳುವುದು, ಪಾತ್ರೆ ತಂದು ಅಡುಗೆ ಆಯ್ತು ಅಂದ ಹಾಗೆ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದು ಇರಲಿಲ್ವಾ?

ಇತ್ತು. ನಮ್ಮ ಅಂಗಡಿಗಳಲ್ಲಿ ಕಿರ್ದಿ, ಖಾತೆ ಅಂತ ಎರಡು ಪುಸ್ತಕ ಇಡುತ್ತಿದ್ದರಲ್ಲ, ಅದನ್ನೇ ನೋಡಿ. ಆಯಾ ದಿನದ ವ್ಯವಹಾರ ನಡೆದ ಹಾಗೇ ಕಿರ್ದಿಗೆ ಹೋಗುತ್ತದೆ. ಅಲ್ಲಿಂದ ಒಬ್ಬೊಬ್ಬರ ಹೆಸರಿನ ಖಾತೆಗೆ ಏರಿಸುತ್ತಾರೆ. ಕಿರ್ದಿ ನೋಡಿದರೆ ಈ ದಿನ ಏನಾಯಿತು ಅಂತ ಗೊತ್ತಾಗುತ್ತದೆ. ಖಾತೆ ನೋಡಿದರೆ ಯಾರಿಗೆ ಇನ್ನು ಸಾಲ ಕೊಡಬಹುದು, ಯಾರಿಗೆ ಕೊಡಬಾರದು ಅಂತ ತೀರ್ಮಾನ ಮಾಡಬಹುದು. ಒಂದೇ ವ್ಯವಹಾರವನ್ನು ಎರಡು ಬೇರೆ ಪ್ರಶ್ನೆಗಳಿಗೆ ತಕ್ಕ ಹಾಗೆ ಜೋಡಿಸಿಕೊಂಡಿದ್ದಾರೆ. ಕಂಪ್ಯೂಟರ್ ಬಂದ ಮೇಲೆ ವೇಗ ಹೆಚ್ಚಾಯಿತು. ದೂರದಲ್ಲಿದ್ದವರಿಗೂ ಲೆಕ್ಕ ಕಾಣುವ ಹಾಗಾಯಿತು. ಒಳಗಿನ ಯೋಚನೆ ಹಳೆಯದೇ.

ಡೇಟಾ ಮತ್ತು ಮಾಹಿತಿ ಎರಡೂ ಒಂದೇ ಅಲ್ವಾ?

ಅಲ್ಲ. "ಫ್ಯಾಟ್ 3.1", ಅಂದರೆ ಹಾಲಿನಲ್ಲಿ ಕೊಬ್ಬು ನೂರಕ್ಕೆ 3.1, ಅನ್ನುವುದು ಡೇಟಾ. "ಈ ಸದಸ್ಯರ ಹಾಲಿನ ಫ್ಯಾಟ್ ಹೋದ ತಿಂಗಳು 3.9 ಇತ್ತು, ಮೂರು ದಿನದಿಂದ 3.1ಕ್ಕೆ ಇಳಿದಿದೆ, ಊರಿನ ಉಳಿದವರದು ಇಳಿದಿಲ್ಲ" ಅನ್ನುವುದು ಮಾಹಿತಿ. ಮೊದಲನೆಯದನ್ನು ಓದಿ ಯಾರೂ ಎದ್ದು ಹೋಗುವುದಿಲ್ಲ. ಎರಡನೆಯದನ್ನು ಓದಿದವರು ಹಸುವಿನ ಮೇವು ಬದಲಾಯಿತಾ, ಹುಷಾರಿಲ್ವಾ ಅಂತ ವಿಚಾರಿಸಲು ಹೊರಡುತ್ತಾರೆ.

ಡೇರಿಯಲ್ಲಿ ಇದು ಹೇಗೆ ನಡೆಯುತ್ತದೆ? ಬಿಡಿಸಿ ಹೇಳಿ.

ಕರ್ನಾಟಕದ ಸಹಕಾರಿ ಹಾಲಿನ ವ್ಯವಸ್ಥೆಯಲ್ಲಿ ಮೂರು ಹಂತ ಇವೆ. ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ, ಅಂದರೆ ನಾವು ಡೇರಿ ಅನ್ನುವುದು. ಅದರ ಮೇಲೆ ಜಿಲ್ಲಾ ಮಟ್ಟದ ಒಕ್ಕೂಟ. ಎಲ್ಲಕ್ಕೂ ಮೇಲೆ ಕೆಎಂಎಫ್, ನಂದಿನಿ ಹೆಸರಿನಲ್ಲಿ ಮಾರುವ ಮಹಾಮಂಡಳಿ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಗಾಗಿ ಶುರುವಾದ ನಿಗಮವೇ ಮುಂದೆ ಕೆಎಂಎಫ್ ಆಯಿತು.

ಬೆಳಿಗ್ಗೆ ಡೇರಿಯ ಬಾಗಿಲು ತೆಗೆದಾಗಿನಿಂದ ನೋಡಿ. ಒಬ್ಬ ರೈತ ಮಹಿಳೆ ಕ್ಯಾನ್ ಹಿಡಿದು ಬರುತ್ತಾರೆ. ಸದಸ್ಯತ್ವದ ನಂಬರ್ ಹೇಳುತ್ತಾರೆ. ಹಾಲು ಅಳೆಯುತ್ತಾರೆ, ಒಂದು ಸಣ್ಣ ಮಾದರಿ ತೆಗೆದು ಪರೀಕ್ಷೆ ಮಾಡುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಬರುತ್ತದೆ. ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಪ್ರೋಟೀನ್, ಸಕ್ಕರೆ, ಖನಿಜದಂಥ ಉಳಿದ ಘನ ಪದಾರ್ಥ. ಈ ಎರಡೂ ಅಂಕಿಯನ್ನು ದರಪಟ್ಟಿಯಲ್ಲಿ ನೋಡಿದರೆ ಲೀಟರಿಗೆ ಎಷ್ಟು ಅಂತ ಸಿಗುತ್ತದೆ. ಒಂದು ಚೀಟಿ ಬರುತ್ತದೆ. ಅವರು ಅದನ್ನು ಮಡಚಿಟ್ಟುಕೊಂಡು ಹೋಗುತ್ತಾರೆ.

ಆ ಡೇರಿಯಲ್ಲಿ 120 ಜನ ಹಾಲು ಹಾಕುತ್ತಾರೆ ಅಂದುಕೊಳ್ಳಿ. ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ. ದಿನಕ್ಕೆ 240 ದಾಖಲೆ, 30 ದಿನಕ್ಕೆ 7,200. ಒಂದೊಂದರಲ್ಲೂ ಕನಿಷ್ಠ ಮೂರು ಅಂಕಿ. ಒಂದೇ ಊರಿನ ಲೆಕ್ಕ ಇದು.

ಇಲ್ಲಿಂದ ಆ ಅಂಕಿ ಎಲ್ಲೆಲ್ಲಿ ಹೋಗುತ್ತದೆ ಅನ್ನುವುದೇ ಎಂಐಎಸ್. ಸೆಕ್ರೆಟರಿ ಬಟವಾಡೆ ಪಟ್ಟಿ ಮಾಡುತ್ತಾರೆ. ಹಾಲಿನ ಹಣದಲ್ಲಿ ಪಶು ಆಹಾರದ ಚೀಲದ ಬಾಕಿ ಕಳೆದು ಉಳಿದಿದ್ದು ಸದಸ್ಯರಿಗೆ. ಒಕ್ಕೂಟದ ಸಾಗಣೆ ವಿಭಾಗ ಯಾವ ಮಾರ್ಗಕ್ಕೆ ಎಷ್ಟು ದೊಡ್ಡ ಟ್ಯಾಂಕರ್ ಬೇಕು ಅಂತ ನೋಡುತ್ತದೆ. ಹಾಲನ್ನು ಬೇಗ 4 ಡಿಗ್ರಿಗೆ ತಣಿಸಬೇಕು, ಟ್ಯಾಂಕರ್ ತಡವಾದರೆ ಕೆಡುತ್ತದೆ. ಒಕ್ಕೂಟದ ಹಾಲಿನ ಕಾರ್ಖಾನೆ ನಾಳೆ ಎಷ್ಟು ಪ್ಯಾಕೆಟ್, ಎಷ್ಟು ಮೊಸರು, ಎಷ್ಟು ಹಾಲಿನ ಪುಡಿ ಅಂತ ಲೆಕ್ಕ ಹಾಕುತ್ತದೆ. ಸರ್ಕಾರ ಲೀಟರಿಗೆ ಇಷ್ಟು ಅಂತ ಪ್ರೋತ್ಸಾಹಧನವನ್ನು ರೈತರ ಬ್ಯಾಂಕ್ ಖಾತೆಗೆ ನೇರವಾಗಿ ಹಾಕುವ ಯೋಜನೆಗೂ ಇದೇ ಲೀಟರ್ ಲೆಕ್ಕವೇ ಆಧಾರ. ಆರು ಗಂಟೆಗೆ ಒಬ್ಬರು ಹಾಕಿದ ಒಂದು ಅಂಕಿ ಇಷ್ಟು ಜನರ ಮೇಜಿಗೆ ಹೋಗುತ್ತದೆ. ಅದು ಅಲ್ಲೇ ತಪ್ಪಿದರೆ ಎಲ್ಲರ ಮೇಜಿನಲ್ಲೂ ತಪ್ಪು.

ನಮ್ಮ ತಂದೆ ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಒಂದು ಅಭ್ಯಾಸ ಇಟ್ಟುಕೊಂಡಿದ್ದರು. ಬರೆದ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. "ಅಮ್ಮ, ನಿಂದು ನಾಲ್ಕೂವರೆ ಲೀಟರ್." ಓದು ಬಾರದ ಅಜ್ಜಿಯರೂ ಆಗಲೇ ಹೇಳುತ್ತಿದ್ದರು, "ಇಲ್ಲಪ್ಪಾ, ಐದಿತ್ತು, ಇನ್ನೊಂದು ಸಲ ನೋಡು." ಈಗ ಚೀಟಿ ಮಾಡುವ ಕೆಲಸ ಅದೇ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯವಾದ ವರದಿ ಆ ಚೀಟಿ.

ಪಠ್ಯದಲ್ಲಿ ಮೂರು ಮಟ್ಟದ ನಿರ್ವಹಣೆ ಅಂತ ಬರುತ್ತದೆ. ಪರೀಕ್ಷೆಗೆ ಹೇಗೆ ನೆನಪಿಡಲಿ?

1965ರಲ್ಲಿ ರಾಬರ್ಟ್ ಆಂಥೋನಿ ಅನ್ನುವ ಹಾರ್ವರ್ಡ್ ಪ್ರಾಧ್ಯಾಪಕರು ಮಾಡಿದ ವಿಂಗಡಣೆ ಅದು. ಡೇರಿಗೆ ಹೊಂದಿಸಿ ನೋಡಿದರೆ ಬಾಯಿಪಾಠ ಬೇಕಾಗಿಲ್ಲ.

ಕೆಳಗಿನ ಮಟ್ಟದಲ್ಲಿ ಪ್ರಶ್ನೆ ಈ ಹೊತ್ತಿನದು. ಈ ಕ್ಯಾನ್ ತೆಗೆದುಕೊಳ್ಳಬೇಕಾ, ವಾಪಸ್ ಕಳಿಸಬೇಕಾ? ಉತ್ತರ ನಿಯಮದಲ್ಲೇ ಇದೆ. ಇಲ್ಲಿ ಬೇಕಾಗುವುದು ವ್ಯವಹಾರ ದಾಖಲಿಸುವ ವ್ಯವಸ್ಥೆ, ಟಿಪಿಎಸ್.

ನಡುವಿನ ಮಟ್ಟದಲ್ಲಿ ಪ್ರಶ್ನೆ ವಾರದ್ದು, ತಿಂಗಳದ್ದು. ಹತ್ತಿಪ್ಪತ್ತು ಸಂಘ ನೋಡಿಕೊಳ್ಳುವ ವಿಸ್ತರಣಾಧಿಕಾರಿ ಈ ವಾರ ಯಾವ ಊರಿಗೆ ಮೊದಲು ಹೋಗಬೇಕು? ನಿಯಮ ಅರ್ಧ ಹೇಳುತ್ತದೆ, ಇನ್ನರ್ಧ ಅವರ ಅನುಭವ. ಕಟ್ಟುನಿಟ್ಟಿನ ಅರ್ಥದಲ್ಲಿ ಎಂಐಎಸ್ ಅಂದರೆ ಈ ಮಟ್ಟದ ಸಾರಾಂಶ ವರದಿಗಳು.

ಮೇಲಿನ ಮಟ್ಟದಲ್ಲಿ ಪ್ರಶ್ನೆ ವರ್ಷಗಳದ್ದು. ಹಾಲು ಜಾಸ್ತಿ ಬರುವ ಕಾಲಕ್ಕೆ ಇನ್ನೊಂದು ಪುಡಿ ಘಟಕ ಕಟ್ಟಬೇಕಾ? ಇದಕ್ಕೆ ಒಳಗಿನ ಲೆಕ್ಕ ಮಾತ್ರ ಸಾಲದು. ಮಳೆ, ಮೇವಿನ ಬೆಲೆ, ಹೊರಗಿನ ಮಾರುಕಟ್ಟೆಯಲ್ಲಿ ಪುಡಿಯ ದರ ಎಲ್ಲ ಬೇಕು. "ಹೀಗಾದರೆ ಏನಾಗುತ್ತದೆ" ಅಂತ ಅಂಕಿ ಬದಲಿಸಿ ನೋಡಲು ಬಳಸುವುದು ಡಿಎಸ್‌ಎಸ್, ತೀರ್ಮಾನಕ್ಕೆ ನೆರವಾಗುವ ವ್ಯವಸ್ಥೆ.

ಮೇಲೆ ಹೋದ ಹಾಗೆ ಅಂಕಿಗಳು ಕಡಿಮೆಯಾಗಬೇಕು, ನೋಡುವ ಕಾಲ ಉದ್ದವಾಗಬೇಕು. ಎಷ್ಟೋ ಕಚೇರಿಗಳಲ್ಲಿ ಕೆಳಗಿನವರ ಪಟ್ಟಿಯನ್ನೇ ದಪ್ಪ ಬೈಂಡ್ ಮಾಡಿ ಮೇಲಿನವರಿಗೆ ಕಳಿಸುತ್ತಾರೆ. ಅದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಲೆಕ್ಕ ಸರಿಯಿದ್ದರೂ ವರದಿ ತಪ್ಪಾಗುತ್ತದಾ?

ಆಗುತ್ತದೆ, ನಾನು ಕಂಡಿದ್ದೇನೆ. ಇಬ್ಬರು ಹಾಲು ಹಾಕುತ್ತಾರೆ. ಒಬ್ಬರು 2 ಲೀಟರ್, ಫ್ಯಾಟ್ 5.0. ಇನ್ನೊಬ್ಬರು 20 ಲೀಟರ್, ಫ್ಯಾಟ್ 3.5. ಸರಾಸರಿ ಎಷ್ಟು? ಎರಡನ್ನೂ ಕೂಡಿ ಎರಡರಿಂದ ಭಾಗಿಸಿದರೆ 4.25. ಆದರೆ ಎರಡೂ ಹಾಲು ಒಂದೇ ಕ್ಯಾನಿಗೆ ಸುರಿದು ಪರೀಕ್ಷೆ ಮಾಡಿದರೆ ಬರುವುದು ಸುಮಾರು 3.64. ಲೀಟರ್ ಎಷ್ಟು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಕಡೆ ಮೊದಲ ರೀತಿಯಲ್ಲಿ ವರದಿ ಬರುತ್ತಿತ್ತು. ಟ್ಯಾಂಕರಿನ ಪರೀಕ್ಷೆಯಲ್ಲಿ ಫ್ಯಾಟ್ ಯಾವಾಗಲೂ ಕಡಿಮೆ ಕಾಣುತ್ತಿತ್ತು. ಪ್ರಾಮಾಣಿಕ ಸೆಕ್ರೆಟರಿಯೊಬ್ಬರ ಮೇಲೆ ತಿಂಗಳುಗಟ್ಟಲೆ ಅನುಮಾನ ಉಳಿಯಿತು. ತಪ್ಪು ಇದ್ದದ್ದು ವರದಿಯ ಸೂತ್ರದಲ್ಲಿ. ಆ ಸಂಕಟ ನೋಡಿದ ಮೇಲೆ ಯಾವ ಸರಾಸರಿ ಕಂಡರೂ ಇದನ್ನು ಹೇಗೆ ತೆಗೆದಿರಿ ಅಂತ ಕೇಳುವುದು ನನಗೆ ರೂಢಿಯಾಯಿತು.

ಇನ್ನೊಂದು ಅಳತೆಯ ಗೊಂದಲ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ಒಂದು ಕಡೆ ಕೆ.ಜಿ., ಇನ್ನೊಂದು ಕಡೆ ಲೀಟರ್ ಬರೆದುಕೊಂಡರೆ 800 ಕೆ.ಜಿ. ಹಾಲು ಸುಮಾರು 777 ಲೀಟರ್ ಆಗುತ್ತದೆ. 23 ಲೀಟರ್ ಕಳುವಾಯಿತು ಅಂತ ಗಲಾಟೆ. ಹಾಲು ಎಲ್ಲೂ ಹೋಗಿರುವುದಿಲ್ಲ. ಪ್ರತಿ ಅಂಕಣದ ಮೇಲೂ ಅಳತೆ ಯಾವುದು ಅಂತ ಬರೆದಿರಬೇಕು ಅನ್ನುವುದು ಇದಕ್ಕೇ.

ಎಷ್ಟು ವರದಿ ಇರಬೇಕು? ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ಅಲ್ಲ. 1967ರಲ್ಲೇ ರಸೆಲ್ ಆಕಾಫ್ ಅನ್ನುವ ಅಮೆರಿಕದ ಚಿಂತಕರು ಇದನ್ನು ಬರೆದರು. ಅಧಿಕಾರಿಗಳಿಗೆ ಬೇಕಾದ ಮಾಹಿತಿಯ ಕೊರತೆಗಿಂತ ಬೇಡದ ಮಾಹಿತಿಯ ಹೊರೆಯೇ ದೊಡ್ಡ ತೊಂದರೆ ಅಂತ ಅವರು ವಾದಿಸಿದರು. ಆಗ ಫೋನಿಗೆ ಗಂಟೆಗೊಂದು ಮೆಸೇಜ್ ಬರುವ ಕಾಲ ಅಲ್ಲ. ಈಗ ಅವರ ಮಾತು ಇನ್ನೂ ನಿಜ ಅನ್ನಿಸುತ್ತದೆ.

ನನ್ನ ಸಲಹೆ: ವರದಿ ಮಾಡುವ ಮುಂಚೆ ಓದುವವರನ್ನು ಕೇಳಿ, "ಈ ಅಂಕಿ ಬದಲಾದರೆ ನೀವು ಏನು ಬೇರೆ ಮಾಡುತ್ತೀರಿ?" ಉತ್ತರ ಬರದಿದ್ದರೆ ಆ ಅಂಕಣ ಸುಮ್ನೆ ತೆಗೆದುಬಿಡಿ.

ದಿನದ ವರದಿಗಳಲ್ಲಿ ನನಗೆ ಇಷ್ಟವಾದದ್ದು ವಾಡಿಕೆ ತಪ್ಪಿದವರ ಪಟ್ಟಿ. ದಿನಾ 12 ಲೀಟರ್ ಹಾಕುತ್ತಿದ್ದವರು ಮೂರು ದಿನದಿಂದ 4 ಹಾಕುತ್ತಿದ್ದಾರೆ ಅಂದರೆ ಅವರ ಹೆಸರು ಮಾತ್ರ ಬರಲಿ. ಉಳಿದ 119 ಹೆಸರು ಬೇಡ. ಒಂದು ಫೋನ್ ಮಾಡಿದರೆ ವಿಷಯ ಗೊತ್ತಾಗುತ್ತದೆ. ಹಸುವಿಗೆ ಕೆಚ್ಚಲು ಬಾವು ಬಂದಿರಬಹುದು, ಡಾಕ್ಟರು ಹೊತ್ತಿಗೆ ಸರಿಯಾಗಿ ಹೋದರೆ ಕೆಚ್ಚಲು ಉಳಿಯುತ್ತದೆ. ಹಸು ಬತ್ತುತ್ತಿರಬಹುದು. ಮನೆಯಲ್ಲಿ ಮದುವೆ ಇರಬಹುದು. ಅಂಕಿಗೆ ಕಾರಣ ಗೊತ್ತಿರುವುದಿಲ್ಲ, ಯಾರನ್ನು ಕೇಳಬೇಕು ಅಂತ ಅದು ತೋರಿಸುತ್ತದೆ ಅಷ್ಟೇ.

ಕಂಪ್ಯೂಟರನ್ನು ವ್ಯಾಪಾರಕ್ಕೆ ಮೊದಲು ಬಳಸಿದ್ದು ಯಾರು?

ಲಂಡನ್ನಿನ ಒಂದು ಟೀ ಅಂಗಡಿ ಕಂಪನಿ. ಜೆ. ಲಯನ್ಸ್ ಅಂತ ಹೆಸರು. ಊರೂರಲ್ಲಿ ಅವರ ಟೀ ಅಂಗಡಿಗಳಿದ್ದವು, ಸ್ವಂತ ಬೇಕರಿ ಇತ್ತು. ತಾವೇ ಲಿಯೋ ಅನ್ನುವ ಕಂಪ್ಯೂಟರ್ ಕಟ್ಟಿಸಿ, 1951ರ ನವೆಂಬರಿನಲ್ಲಿ ಬೇಕರಿಯ ಲೆಕ್ಕಕ್ಕೆ ಬಳಸಲು ಶುರು ಮಾಡಿದರು. ಕೆಲವು ವರ್ಷದಲ್ಲಿ ಅಂಗಡಿಗಳ ಬೇಡಿಕೆಯೂ ಅದರ ಮೇಲೆ ಬಂತು. ಪ್ರತಿ ಅಂಗಡಿಗೂ ಮಾಮೂಲಿ ಬೇಡಿಕೆ ಮೊದಲೇ ಬರೆದಿಟ್ಟಿತ್ತು. ಅಂಗಡಿ ನೋಡಿಕೊಳ್ಳುವ ಹೆಂಗಸರು ನಾಳೆಗೆ ಏನಾದರೂ ಹೆಚ್ಚುಕಡಿಮೆ ಇದ್ದರೆ ಅಷ್ಟನ್ನು ಮಾತ್ರ ಫೋನಿನಲ್ಲಿ ಹೇಳುತ್ತಿದ್ದರು. ಮೇಲೆ ಹೇಳಿದ ವಾಡಿಕೆ ತಪ್ಪಿದವರ ಪಟ್ಟಿಯ ಉಪಾಯವೇ ಅಲ್ವಾ ಇದು!

ಆಮೇಲೆ 1960ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ ವಿಮಾನದ ಸೀಟು ಕಾಯ್ದಿರಿಸುವ ಸೇಬರ್ ತಂದವು.

ಇಆರ್‌ಪಿ, ಟ್ಯಾಲಿ, ಎಕ್ಸೆಲ್ ಇವೆಲ್ಲ ಎಂಐಎಸ್ಸಾ? ನಮ್ಮ ಸಣ್ಣ ಕಾರ್ಖಾನೆಗೆ ಯಾವುದು ಬೇಕು?

ಇವೆಲ್ಲ ಸಾಧನ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದ್ದು, ಮುಖ್ಯವಾಗಿ ಲೆಕ್ಕಪತ್ರಕ್ಕೆ. ಇಆರ್‌ಪಿ ಅಂದರೆ ಖರೀದಿ, ಗೋದಾಮು, ಉತ್ಪಾದನೆ, ಮಾರಾಟ, ಸಂಬಳ ಎಲ್ಲ ಒಂದೇ ಡೇಟಾಬೇಸಿನ ಮೇಲೆ ನಡೆಯುವ ದೊಡ್ಡ ಸಾಫ್ಟ್‌ವೇರ್. ಅದರಿಂದ ಎಂಐಎಸ್ ವರದಿಗಳನ್ನು ತೆಗೆಯಬಹುದು.

ಹತ್ತು ಜನರ ಕಾರ್ಖಾನೆಗೆ ಎಕ್ಸೆಲ್ ಧಾರಾಳ ಸಾಕು. ಅದೇ ಹಾಳೆಯನ್ನು ಮೂರು ಜನ ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು, "ನನ್ನ ಫೈಲಿನಲ್ಲಿ ಬೇರೆ ಇದೆಯಲ್ಲ" ಅನ್ನಲು ಶುರು ಮಾಡಿದ ದಿನ ಮುಂದಿನದನ್ನು ಯೋಚಿಸಿ. ಅಲ್ಲಿಯವರೆಗೆ ಮಾರಾಟಗಾರರ ಮಾತಿಗೆ ಅವಸರ ಬೇಡ.

ನಮ್ಮ ರಾಜ್ಯದ ಸರ್ಕಾರಿ ಉದಾಹರಣೆ ಯಾವುದಾದರೂ ಇದೆಯಾ?

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ. ಅದಕ್ಕೂ ಮುಂಚೆ ಪಹಣಿ, ಅಂದರೆ ಜಮೀನಿನ ದಾಖಲೆ, ಗ್ರಾಮ ಲೆಕ್ಕಿಗರ ಕೈಬರಹದಲ್ಲಿ ಇರುತ್ತಿತ್ತು. ಒಂದು ಪ್ರತಿ ಬೇಕಾದರೆ ಅವರನ್ನು ಹುಡುಕಿಕೊಂಡು ಹೋಗಬೇಕು, ಅವರ ಮರ್ಜಿ ಕಾಯಬೇಕು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. 2002ರ ಹೊತ್ತಿಗೆ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಆಗ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಅಲ್ಲೇ ಪ್ರತಿ ಸಿಗುತ್ತಿತ್ತು.

ಇದರಲ್ಲಿ ನಾನು ಮೆಚ್ಚುವುದು ಎರಡು ವಿವರ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ನಡುವೆ ಒಂದನ್ನು ಎತ್ತಿ ಮುಂದೆ ಇಡಲು ಸಾಫ್ಟ್‌ವೇರ್ ಬಿಡುತ್ತಿರಲಿಲ್ಲ. ದಾಖಲೆ ಮುಟ್ಟುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಯಾರು, ಯಾವಾಗ, ಏನು ಬದಲಿಸಿದರು ಅನ್ನುವುದಕ್ಕೆ ಗುರುತು ಉಳಿಯುತ್ತದೆ. ಕಾಗದದ ಮೇಲೆ ಹಾಕುವುದು ಕಷ್ಟವಾಗಿದ್ದ ನಿಯಮಗಳು ಇವು.

ಇಷ್ಟು ಖರ್ಚು ಮಾಡಿದ ಮೇಲೂ ಎಂಐಎಸ್ ಯಾಕೆ ಸೋಲುತ್ತದೆ?

ದೊಡ್ಡ ಉದಾಹರಣೆ ಅಮೆರಿಕದ ಹರ್ಷೀಸ್ ಚಾಕೊಲೇಟ್ ಕಂಪನಿಯದ್ದು. 1999ರಲ್ಲಿ ಹಲವು ಹೊಸ ಸಾಫ್ಟ್‌ವೇರ್‌ಗಳನ್ನು ಒಟ್ಟಿಗೇ, ಅವಸರದಲ್ಲಿ ಶುರು ಮಾಡಿದರು. ಅದೂ ಅಲ್ಲಿ ಮಿಠಾಯಿ ಅತಿ ಹೆಚ್ಚು ಮಾರಾಟವಾಗುವ ಹ್ಯಾಲೋವೀನ್ ಹಬ್ಬದ ಮುಂಚೆ. ಗೋದಾಮಿನಲ್ಲಿ ಚಾಕೊಲೇಟ್ ಇತ್ತು, ಅಂಗಡಿಗೆ ಕಳಿಸಲು ಆಗಲಿಲ್ಲ. ದೀಪಾವಳಿಗೆ ಎರಡು ವಾರ ಇರುವಾಗ ಬಟ್ಟೆ ಅಂಗಡಿಯವರು ಬಿಲ್ಲಿಂಗ್ ಪದ್ಧತಿಯನ್ನೇ ಬದಲಿಸಿದರೆ ಹೇಗೋ ಹಾಗೆ.

ಹಳ್ಳಿಯಲ್ಲಿ ಸೋಲು ಇಷ್ಟು ಸದ್ದು ಮಾಡುವುದಿಲ್ಲ. ಒಂದು ಊರಿನ ಡೇರಿಯಲ್ಲಿ ಚೀಟಿ ಕೊಡುವ ಪ್ರಿಂಟರ್ ಕೆಟ್ಟು ತಿಂಗಳುಗಳಾಗಿತ್ತು. ಮೇಲಿನವರಿಗೆ ವರದಿ ಹೋಗುತ್ತಲೇ ಇತ್ತು, ಹಾಗಾಗಿ ಯಾರಿಗೂ ಅವಸರ ಕಾಣಲಿಲ್ಲ. ಹೋಗಿ ದಾಖಲೆ ತೆಗೆದು ನೋಡಿದೆ. ಫ್ಯಾಟ್ ಎಲ್ಲರದ್ದೂ 3.8, 3.8, 3.8. ದಿನಾ ಅದೇ. ನೂರು ಮನೆಯ ಹಸುಗಳು ಒಂದೇ ಫ್ಯಾಟ್ ಕೊಡುವುದಿಲ್ಲ. ಪರೀಕ್ಷೆ ಮಾಡುವ ಹುಡುಗ ಕೆಟ್ಟವನಲ್ಲ. ಸಾಲು ಉದ್ದ ಇರುತ್ತಿತ್ತು, ಚೀಟಿ ಇಲ್ಲದ ಮೇಲೆ ಯಾರೂ ಕೇಳುತ್ತಿರಲಿಲ್ಲ, ಅಂದಾಜಿನಲ್ಲಿ ಹಾಕಿಬಿಡುತ್ತಿದ್ದ. ಚೆನ್ನಾಗಿ ಮೇವು ಹಾಕಿ 4.3 ತರುತ್ತಿದ್ದವರಿಗೆ ಅಷ್ಟು ದಿನ ಮೋಸವಾಯಿತು. ಪ್ರಿಂಟರ್ ರಿಪೇರಿಯಾದ ವಾರದಲ್ಲೇ ಅಂಕಿಗಳು ಬೇರೆ ಬೇರೆಯಾದವು.

ಅಂಕಿ ಕೊಡುವವರಿಗೆ ಅದು ವಾಪಸ್ ಕಾಣಬೇಕು. ಕಾಣದಿದ್ದರೆ ಮೇಲೆ ಹೋಗುವ ವರದಿ ನೋಡಲು ಚೆನ್ನಾಗಿರುತ್ತದೆ, ನಂಬಲು ಆಗುವುದಿಲ್ಲ. ನೌಕರರ ತರಬೇತಿ, ಸರ್ವರ್, ಬಜೆಟ್ ಇವೆಲ್ಲದಕ್ಕಿಂತ ಮೊದಲು ನಾನು ನೋಡುವುದು ಇದನ್ನು.

ಕಂಪ್ಯೂಟರ್ ತೋರಿಸುತ್ತಿದೆ ಅಂದ ಮೇಲೆ ಮುಗಿಯಿತಲ್ವಾ? ಅದು ತಪ್ಪು ಹೇಳುತ್ತದಾ?

ದಯವಿಟ್ಟು ಬ್ರಿಟನ್ನಿನ ಅಂಚೆ ಸಂಸ್ಥೆಯ ಹೊರೈಜನ್ ಪ್ರಕರಣವನ್ನು ತಿಳಿದುಕೊಳ್ಳಿ. ಊರೂರಿನ ಸಣ್ಣ ಅಂಚೆ ಕಚೇರಿ ನಡೆಸುವವರಿಗೆ 1999ರಿಂದ ಫುಜಿತ್ಸು ಕಂಪನಿಯ ಹೊರೈಜನ್ ಸಾಫ್ಟ್‌ವೇರ್ ಬಂತು. ಸಂಜೆ ಲೆಕ್ಕ ಮುಗಿಸುವಾಗ ಹಣ ಕಡಿಮೆ ಇದೆ ಅಂತ ಅದು ತೋರಿಸುತ್ತಿತ್ತು. ಅವರು ಹಣ ಮುಟ್ಟಿಲ್ಲ ಅಂದರೂ ಕೇಳುವವರಿಲ್ಲ. ಮನೆ ಮಾರಿ ತುಂಬಿದವರಿದ್ದಾರೆ, ಜೈಲಿಗೆ ಹೋದವರಿದ್ದಾರೆ. 900ಕ್ಕೂ ಹೆಚ್ಚು ಜನ ಅಪರಾಧಿಗಳು ಅನ್ನಿಸಿಕೊಂಡರು. ಸಾಫ್ಟ್‌ವೇರಿನಲ್ಲೇ ದೋಷವಿತ್ತು ಅಂತ 2019ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. 2024ರಲ್ಲಿ ಕಾಯ್ದೆ ಮಾಡಿ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಬೇಕಾಯಿತು.

ನಮ್ಮ ಡೇರಿ ಸೆಕ್ರೆಟರಿಗಳನ್ನು ಆ ಜಾಗದಲ್ಲಿ ಇಟ್ಟು ನೋಡಿದರೆ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಹಣ ಕಡಿಮೆ ಬಂತು ಅಂದಾಗ ಮೊದಲು ಕೇಳಬೇಕಾದ್ದು ಎರಡು: ಲೆಕ್ಕ ಬಂದ ದಾರಿಯನ್ನು ಆರೋಪ ಹೊತ್ತವರಿಗೆ ತೋರಿಸಿದ್ದೀರಾ? ಇದೇ ತೊಂದರೆ ಬೇರೆ ಊರಲ್ಲೂ ಬಂದಿದೆಯಾ?

ರೈತರ, ಗ್ರಾಹಕರ ವಿವರ ಇಟ್ಟುಕೊಳ್ಳುವಾಗ ಎಚ್ಚರಿಕೆ ಏನು?

ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇದೆ. ಯಾವ ಕೆಲಸಕ್ಕೆ ಅಂತ ಹೇಳಿ ತೆಗೆದುಕೊಂಡಿರೋ ಅದಕ್ಕೆ ಮಾತ್ರ ಬಳಸಬೇಕು ಅನ್ನುವುದು ಅದರ ಮುಖ್ಯ ಅಂಶಗಳಲ್ಲಿ ಒಂದು. ಬಟವಾಡೆಗೆ ಬ್ಯಾಂಕ್ ಖಾತೆ ನಂಬರ್ ಬೇಕು, ಸರಿ. ಅದನ್ನು ಡೇರಿಯ ಗೋಡೆಯ ಮೇಲೆ ಅಂಟಿಸುವುದು ಬೇಡ.

ಈ ವಿಷಯ ಕಲಿಯಲು ಎಲ್ಲಿಂದ ಶುರು ಮಾಡಲಿ?

ಹತ್ತಿರದ ಒಂದು ಜಾಗ ಆರಿಸಿಕೊಳ್ಳಿ. ಡೇರಿ, ಸೊಸೈಟಿ, ಮೆಡಿಕಲ್ ಶಾಪ್, ನಿಮ್ಮ ಕಾಲೇಜಿನ ಲೈಬ್ರರಿ ಯಾವುದಾದರೂ ಸರಿ. ಅಲ್ಲಿನವರ ಒಪ್ಪಿಗೆ ಕೇಳಿ, ಒಂದೇ ಒಂದು ಅಂಕಿಯನ್ನು ಹಿಂಬಾಲಿಸಿ. ಮೊದಲು ಯಾರು ಬರೆದರು, ಯಾವ ಪುಸ್ತಕ ಅಥವಾ ಪರದೆಯಲ್ಲಿ, ಆಮೇಲೆ ಎಲ್ಲಿಗೆ ಹೋಯಿತು, ಕೊನೆಗೆ ಅದನ್ನು ನೋಡಿ ಯಾರು ಏನು ತೀರ್ಮಾನ ಮಾಡಿದರು ಅಂತ ಒಂದು ಹಾಳೆಯಲ್ಲಿ ಬಾಣ ಹಾಕುತ್ತಾ ಚಿತ್ರ ಬರೆಯಿರಿ. ಎಲ್ಲೆಲ್ಲಿ ಒಂದೇ ಅಂಕಿಯನ್ನು ಎರಡು ಸಲ ಬರೆಯುತ್ತಾರೆ, ಎಲ್ಲಿ ತಾಳೆ ನೋಡುತ್ತಾರೆ, ಎಲ್ಲಿ ನೋಡುವುದಿಲ್ಲ ಅಂತ ಬೇರೆ ಬಣ್ಣದಲ್ಲಿ ಗುರುತು ಮಾಡಿ. ಚಿತ್ರ ಮುಗಿದ ಮೇಲೆ ಮೊದಲು ಬರೆದವರಿಗೇ ತೋರಿಸಿ, ಸರಿ ಇದೆಯಾ ಅಂತ ಕೇಳಿ.